ಇಲ್ಲದ ನಾಡಿಗೆ ನಕ್ಷೆ: ಮಸಿ ಮೊದಲೋ, ಬಣ್ಣ ಮೊದಲೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಹಾಪುರ ತಾಲ್ಲೂಕಿನವಳು, ಬಿ.ಇಡಿ ಓದುತ್ತಿದ್ದೇನೆ. ದಿನಾ ರಾತ್ರಿ ನನ್ನ ತಮ್ಮನಿಗೆ ಒಂದು ಕಥೆ ಹೇಳುತ್ತೇನೆ. ಕುರಿ ಕಾಯುವ ಹುಡುಗ ಒಂದು ರಾಜ್ಯಕ್ಕೆ ರಾಜನಾಗುವ ಕಥೆ. ರಾಜ್ಯ ಪೂರಾ ನನ್ನ ಕಲ್ಪನೆ. ಅವನ ಹುಟ್ಟುಹಬ್ಬಕ್ಕೆ ಆ ರಾಜ್ಯದ ನಕ್ಷೆಯನ್ನು ಕೈಯಲ್ಲೇ ಬಿಡಿಸಿ ಕೊಡಬೇಕು ಅಂತ ಆಸೆ. ಜೆಲ್ ಪೆನ್ನಲ್ಲಿ ಗೆರೆ ಎಳೆದು ವಾಟರ್ ಕಲರ್ ಹಚ್ಚಿದೆ. ಕಪ್ಪೆಲ್ಲಾ ಹರಡಿ ಹೊಳೆ ಹೋಗಿ ಚರಂಡಿ ಆಯಿತು. ಡ್ರಾಯಿಂಗ್ ಶೀಟ್ ಹಪ್ಪಳದ ಹಾಗೆ ಉಬ್ಬಿತು. ಫೋಟೊ ಕಳಿಸಿದ್ದೇನೆ. ಮಸಿ ಮೊದಲೋ, ಬಣ್ಣ ಮೊದಲೋ? ಯಾವ ಕಾಗದ ತಗೋಬೇಕು? ಹೆಸರುಗಳನ್ನು ಕನ್ನಡದಲ್ಲಿ ಬರೆದರೆ ಯಾಕೋ ನಕ್ಷೆ ಥರ ಕಾಣಿಸುವುದಿಲ್ಲ, ಅದಕ್ಕೇನು ಮಾಡಲಿ? ಹಳೇ ಕಾಗದದ ಹಾಗೆ ಕಾಣಲು ಚಹಾ ಹಚ್ಚಬೇಕಾ? ಹುಟ್ಟುಹಬ್ಬಕ್ಕೆ ಇನ್ನು ಎರಡು ವಾರ ಇದೆ.

ಉತ್ತರ: ತಂಗಿ, ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ನೀರಿಗೆ ಕರಗದ ಮಸಿ ಇದ್ದರೆ ಮಸಿ ಮೊದಲು, ಬಣ್ಣ ಆಮೇಲೆ. ಕಾಗದ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು ದಪ್ಪ) ವಾಟರ್ ಕಲರ್ ಶೀಟ್. ಹೆಸರುಗಳನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ, ಆದರೆ ಅವುಗಳ ಜಾಗವನ್ನು ಎಲ್ಲಕ್ಕಿಂತ ಮೊದಲು ಹಿಡಿದಿಡಿ. ಚಹಾ ಕುಡಿಯಿರಿ, ಹಚ್ಚಬೇಡಿ.

ಇನ್ನು ಉದ್ದನೆಯ ಉತ್ತರ. ಮಸಿ ಹರಡಿದ್ದು ಅಂಥ ದೊಡ್ಡ ವಿಷಯವಲ್ಲ, ಪೆನ್ನು ಬದಲಿಸಿದರೆ ಮುಗೀತು. ನನಗೆ ಕಂಡ ನಿಜವಾದ ತೊಂದರೆ ನಿಮ್ಮ ಹೊಳೆ. ಅದು ಎಡಗಡೆಯ ಸಮುದ್ರದಿಂದ ಹೊರಟು, ಗುಡ್ಡ ಹತ್ತಿ, ನಡುವೆ ಎರಡಾಗಿ ಒಡೆದು, ಒಂದು ಬಲಗಡೆ ಸಮುದ್ರಕ್ಕೆ, ಇನ್ನೊಂದು ಕೆಳಗಡೆ ಸಮುದ್ರಕ್ಕೆ ಹೋಗಿದೆ. ಹಳ್ಳದ ದಂಡೆಯಲ್ಲಿ ಆಡಿ ಬೆಳೆದ ಹುಡುಗ ನೋಡಿದ ತಕ್ಷಣ ಕೇಳುತ್ತಾನೆ, "ಅಕ್ಕಾ, ಈ ನೀರು ಯಾ ಕಡಿ ಹರೀತದ?" ಅಂತ. ಕಥೆಯಲ್ಲಿ ಮಾತಾಡುವ ಕುರಿ ಬಂದರೆ ಮಕ್ಕಳು ನಂಬುತ್ತಾರೆ. ಕಾರಣ ಹೇಳದೆ ನೀರನ್ನು ಗುಡ್ಡ ಹತ್ತಿಸಿದರೆ ನಂಬುವುದಿಲ್ಲ.

ಡ್ರಾಯಿಂಗ್ ಕಲಿಸುವುದಕ್ಕೆ ಬರುವ ಮೊದಲು ನಾನು ಕೆಲವು ವರ್ಷ ಕಲಬುರಗಿಯ ಒಂದು ಆಫೀಸಿನಲ್ಲಿ ನಕ್ಷೆ ಟ್ರೇಸಿಂಗ್ ಮಾಡುತ್ತಿದ್ದೆ. ಅಲ್ಲಿ ಒಬ್ಬ ಹಿರಿಯರಿದ್ದರು. ಹೊಸ ಹುಡುಗರು ಯಾವ ನಕ್ಷೆ ತಂದು ತೋರಿಸಿದರೂ ಅವರದು ಒಂದೇ ಪರೀಕ್ಷೆ. ನಕ್ಷೆಯ ಮೇಲೆ ಎಲ್ಲೋ ಒಂದು ಕಡೆ ಬೆರಳಿಟ್ಟು, "ಇಲ್ಲಿ ಒಂದು ಕೊಡ ನೀರು ಸುರುವೀನಿ. ಎಲ್ಲಿಗಿ ಹೋಯ್ತು ತೋರ್ಸು" ಅನ್ನುತ್ತಿದ್ದರು. ತೋರಿಸೋಕೆ ಆಗದಿದ್ದರೆ ಹಾಳೆ ವಾಪಸ್. ಕಲ್ಪನೆಯ ನಾಡಿಗೂ ನಾನು ಇದೇ ಪರೀಕ್ಷೆ ಇಡುತ್ತೇನೆ. ನೀವೂ ಪೆನ್ಸಿಲ್ ಹಿಡಿದಾಗ ಮೊದಲು ಊರು, ಕೋಟೆ, ಕಾಡು ಅಂತ ಹೋಗಬೇಡಿ. ಎತ್ತರ ಎಲ್ಲಿ, ತಗ್ಗು ಎಲ್ಲಿ ಅಂತ ಗೊತ್ತು ಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಬೀದರ್ ಜಿಲ್ಲೆಯನ್ನೇ ನೋಡಿ. ಮಾಂಜ್ರಾ, ಅದನ್ನು ಸೇರುವ ಕಾರಂಜಾ, ಎರಡರ ನೀರೂ ಗೋದಾವರಿಗೆ ಹೋಗುತ್ತದೆ. ಅದೇ ಜಿಲ್ಲೆಯ ಬಸವಕಲ್ಯಾಣದ ಕಡೆಯಿಂದ ಬರುವ ಮುಲ್ಲಾಮಾರಿ ಮಾತ್ರ ಚಿಂಚೋಳಿ ಸೀಮೆ ಹಾದು ಕಾಗಿಣಾ ಸೇರುತ್ತದೆ. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಅಂದರೆ ಒಂದೇ ಜಿಲ್ಲೆಯಲ್ಲಿ ಬಿದ್ದ ಮಳೆ ಎರಡು ದೊಡ್ಡ ನದಿಗಳಿಗೆ ಹಂಚಿಹೋಗುತ್ತದೆ. ನಡುವೆ ಆಕಾಶಕ್ಕೆ ಮುಟ್ಟುವ ಪರ್ವತ ಏನೂ ಇಲ್ಲ. ಬಸ್ಸಿನಲ್ಲಿ ಹೋದರೆ ಗೊತ್ತೂ ಆಗದಷ್ಟು ಏರು, ಅಷ್ಟೇ. ನಿಮ್ಮ ರಾಜ್ಯದಲ್ಲೂ ಅಂಥ ಒಂದು ಏರಿನ ಗೆರೆ ಎಳೆದುಕೊಳ್ಳಿ. ಅದರ ಎರಡೂ ಬದಿಗೆ ಸಣ್ಣ ಹಳ್ಳಗಳು ಇಳಿಯಲಿ. ಹಳ್ಳಗಳು ಒಂದಕ್ಕೊಂದು ಕೂಡುತ್ತಾ ಹೋಗಬೇಕು, ಒಡೆಯುತ್ತಾ ಅಲ್ಲ. ಎರಡು ಕೂಡುವ ಜಾಗ ಕವೆಗೋಲಿನ ಹಾಗಿರಲಿ, ಹಿಡಿಕೆ ಯಾವಾಗಲೂ ಸಮುದ್ರದ ಕಡೆ.

ಸಮುದ್ರ ಹತ್ತಿರ ಇದೆ ಅಂತ ಹೊಳೆ ಆ ಕಡೆಗೇ ಹೋಗಬೇಕು ಅಂತಲೂ ಇಲ್ಲ. ಕೃಷ್ಣೆ ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ ಹುಟ್ಟುತ್ತವೆ. ಎರಡಕ್ಕೂ ಪಶ್ಚಿಮದ ಕಡಲು ಕೂಗಳತೆಯಲ್ಲಿದ್ದ ಹಾಗೆ. ಆದರೂ ಬೆನ್ನು ತಿರುಗಿಸಿ, ನಮ್ಮ ನೆಲವನ್ನೆಲ್ಲ ದಾಟಿ, ಬಂಗಾಳ ಕೊಲ್ಲಿಗೆ ಹೋಗುತ್ತವೆ. ಇಳಿಜಾರು ಎತ್ತ ಇದೆಯೋ ಹೊಳೆ ಅತ್ತ.

ಹೊಳೆ ಒಡೆದಂತೆ ತೋರಿಸಬೇಕು ಅನ್ನುವ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಸಮುದ್ರ ಸೇರುವ ಬಾಯಲ್ಲಿ ಒಡೆಯಬಹುದು. ಇಲ್ಲವೇ ನಡುವೆ ಒಂದು ಗಡ್ಡಿ, ಅಂದರೆ ನಡುಗಡ್ಡೆ, ಇಡಿ. ನಿಮ್ಮ ಪಕ್ಕದ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಗೊತ್ತಲ್ವಾ? ಸುತ್ತ ಕೃಷ್ಣೆ, ನಡುವೆ ಊರು. ಹೊಳೆ ಎರಡಾಗಿ ಮತ್ತೆ ಒಂದಾಗುತ್ತದೆ. ಮೊದಲೆಲ್ಲ ಪ್ರವಾಹ ಬಂದರೆ ಊರಿನ ದಾರಿಯೇ ಬಂದ್ ಆಗುತ್ತಿತ್ತು. ಕುರಿ ಕಾಯುವ ಹುಡುಗ ಸೈನಿಕರಿಂದ ತಪ್ಪಿಸಿಕೊಂಡು ಕೂರೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಇನ್ನೊಂದು ಸಣ್ಣ ವಿಷಯ. ನೀವು ಎಲ್ಲ ಹಳ್ಳಕ್ಕೂ ನೀಲಿ ಹಚ್ಚಿದ್ದೀರಿ. ನಮ್ಮ ಕಡೆ ಎಷ್ಟು ಹಳ್ಳಗಳಲ್ಲಿ ವರ್ಷವಿಡೀ ನೀರಿರುತ್ತದೆ? ಸರ್ವೆ ಆಫ್ ಇಂಡಿಯಾದ ಟೊಪೊಶೀಟ್ (ನೆಲದ ಏರು ತಗ್ಗು, ಹಳ್ಳ, ಊರು ತೋರಿಸುವ ಸರ್ಕಾರಿ ನಕ್ಷೆ) ಸಿಕ್ಕರೆ ನೋಡಿ. ನೀರು ಇರುವ ಹೊಳೆ ನೀಲಿ, ಬತ್ತುವ ಹಳ್ಳಕ್ಕೆ ಕಪ್ಪು ಗೆರೆ. ನೀವೂ ಹಾಗೇ ಮಾಡಿ. ದೊಡ್ಡ ಹೊಳೆಗೆ ಮಾತ್ರ ನೀಲಿ, ಉಳಿದ ಹಳ್ಳಗಳು ಸುಮ್ನೆ ಸಣ್ಣ ಕಪ್ಪು ಗೆರೆ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಇದು ಬಿಸಿಲಿನ ನಾಡು ಅಂತ ಅನಿಸುತ್ತದೆ.

ಈಗ ಗುಡ್ಡಗಳಿಗೆ ಬರೋಣ. ನೀವು ಬರೆದದ್ದು ಹಿಮ ಹೊತ್ತ ತ್ರಿಕೋನಗಳು, ಕೆಳಗೆ ಸಾಲಾಗಿ ದೇವದಾರು ಮರ. ಇಂಟರ್ನೆಟ್ಟಿನ ಚಿತ್ರ ನೋಡಿ ಬಿಡಿಸಿದ್ದು ಅಂತ ತಿಳಿಯುತ್ತದೆ. ತಪ್ಪು ಅಂತ ಅಲ್ಲ. ಆದರೆ ಕುರಿ ಕಾಯುವ ಹುಡುಗನ ರಾಜ್ಯದಲ್ಲಿ ಹಿಮ ಯಾಕೆ? ನಿಮ್ಮೂರಿನ ಮಾಳಿಗೆ ಹತ್ತಿ ನೋಡಿ. ಶಹಾಪುರದ ಬುದ್ಧ ಮಲಗಿದ ಬೆಟ್ಟ ಇದೆ. ಹಣೆ, ಮೂಗು, ಎದೆ ಅಂತ ಊರವರು ಬೆರಳು ಮಾಡಿ ತೋರಿಸುವ ಆ ಗೆರೆಯನ್ನು ಪೆನ್ಸಿಲಿನಲ್ಲಿ ಒಮ್ಮೆ ಹಿಡಿಯಲು ನೋಡಿ. ಅದರಷ್ಟು ಒಳ್ಳೆ ಬೆಟ್ಟದ ಸಾಲು ಯಾವ ಚಿತ್ರದಲ್ಲೂ ಸಿಗೋದಿಲ್ಲ.

ಬಂಡೆಗುಡ್ಡ ಬಿಡಿಸುವ ಕ್ರಮ ಹೇಳುತ್ತೇನೆ, ಪೆನ್ನು ಹಿಡಿದು ಜೊತೆಗೇ ಮಾಡಿ. ಮೊದಲು ಒಂದು ದಪ್ಪ ಬಾಗು, ಮಗುಚಿದ ಬುಟ್ಟಿಯ ಹಾಗೆ. ಅದರ ಮುಂದೆ, ಸ್ವಲ್ಪ ಕೆಳಗೆ, ಸ್ವಲ್ಪ ಚಿಕ್ಕದಾದ ಇನ್ನೊಂದು ಬಾಗು. ಎರಡನೆಯದು ಮೊದಲನೆಯದನ್ನು ಅರ್ಧ ಮುಚ್ಚಬೇಕು. ತುದಿಯಲ್ಲಿ ಎರಡು ಮೂರು ಉರುಟು ಕಲ್ಲು, ಒಂದರ ಮೇಲೊಂದು. ಬುಡದ ಗೆರೆಯನ್ನು ಪೂರ್ತಿ ಎಳೆಯಬೇಡಿ, ಅಲ್ಲಲ್ಲಿ ಬಿಟ್ಟು ಬಿಟ್ಟು ಎಳೆದರೆ ಗುಡ್ಡ ನೆಲದೊಳಗಿಂದ ಎದ್ದ ಹಾಗೆ ಕಾಣುತ್ತದೆ. ಬೆಳಕು ಎಡ ಮೇಲಿಂದ ಬರುತ್ತದೆ ಅಂದುಕೊಂಡು ಬಲಗಡೆಗೆ ಮಾತ್ರ ಸಣ್ಣ ಸಣ್ಣ ಗೀರು ಹಾಕಿ. ಗೀರು ಎತ್ತ ಎಳೆಯಬೇಕು? ಆ ಜಾಗದಲ್ಲಿ ಕೊಡ ನೀರು ಸುರಿದರೆ ಎತ್ತ ಹರಿಯುತ್ತದೋ ಅತ್ತ. ಜರ್ಮನಿಯ ಸ್ಯಾಕ್ಸನಿ ಸೈನ್ಯದ ಅಧಿಕಾರಿ ಯೋಹಾನ್ ಲೇಮನ್ 1799ರಲ್ಲಿ ಈ ಗೀರುಗಳಿಗೆ ಒಂದು ಲೆಕ್ಕವನ್ನೇ ಮಾಡಿಕೊಟ್ಟ. ಇಳಿಜಾರು ಕಡಿದಾದಷ್ಟೂ ಗೀರು ದಪ್ಪ. ಆಮೇಲೆ ಬಹಳ ಕಾಲ ಯುರೋಪಿನ ನಕ್ಷೆಗಳಲ್ಲಿ ಬೆಟ್ಟಗಳನ್ನು ಹೀಗೇ ತೋರಿಸಿದರು. ನಮ್ಮ ಆಫೀಸಿನ ಹಿರಿಯರಿಗೆ ಲೇಮನ್ ಹೆಸರು ಗೊತ್ತಿತ್ತೋ ಇಲ್ಲವೋ, ಕೊಡ ಮಾತ್ರ ಗೊತ್ತಿತ್ತು.

ರಾಜ್ಯದ ತುಂಬಾ ಒಂದೇ ಥರದ ಗುಡ್ಡ ಬೇಡ. ಬೀದರಿನ ಕಡೆ ಗುಡ್ಡಕ್ಕೆ ಚೂಪು ತುದಿಯೇ ಇರುವುದಿಲ್ಲ, ಮೇಲೆ ಮೇಜಿನ ಹಾಗೆ ಚಪ್ಪಟೆ, ಅಂಚಿನಲ್ಲಿ ಕೆಂಪು ಕಲ್ಲಿನ ಕಡಿದು. ಅದಕ್ಕೆ ಮೇಲೊಂದು ಅಡ್ಡ ಗೆರೆ, ಕೆಳಗೆ ಕುಚ್ಚಿನ ಹಾಗೆ ಒತ್ತೊತ್ತಾಗಿ ನಿಂತ ಗೀರು, ಸಾಕು. ಸೇಡಂ, ಶಹಾಬಾದ್ ಕಡೆ ನೆಲದಡಿ ಫರಸಿ ಕಲ್ಲು ಪದರ ಪದರ. ಅಂಥ ಜಾಗಕ್ಕೆ ಮೆಟ್ಟಿಲಿನ ಹಾಗೆ ಎರಡು ಮೂರು ಅಡ್ಡ ಗೆರೆ. ಹೀಗೆ ಮೂರು ಥರದ ನೆಲ ಮಾಡಿದರೆ ಹುಡುಗ ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋದದ್ದು ಬಾಯಿಬಿಟ್ಟು ಹೇಳದೆಯೂ ಗೊತ್ತಾಗುತ್ತದೆ.

ಮರಗಳಿಗೂ ಇದೇ ಮಾತು. ಜಾಲಿಗೆ ಕೊಡೆಯ ಹಾಗೆ ಚಪ್ಪಟೆ ತಲೆ, ಓರೆ ಕಾಂಡ. ಈಚಲಿಗೆ ಒಂದು ಕಂಬ, ಮೇಲೆ ಆರೇಳು ಗರಿ. ಬೇವಿಗೆ ಮೋಡದ ಹಾಗೆ ಉರುಟು. ಈಚಲನ್ನು ಹಳ್ಳದ ಪಕ್ಕಕ್ಕೆ ಮಾತ್ರ ಹಾಕಿ. ಜಾಲಿಯನ್ನು ಮಡ್ಡಿ ನೆಲಕ್ಕೆ. ಐದಾರು ಗುಂಪು ಹಾಕಿ ಕೈ ತೆಗೆಯಿರಿ. ಖಾಲಿ ಬಿಟ್ಟ ಬಯಲು ಕೂಡ ನಮ್ಮ ನಾಡೇ ಅಲ್ವಾ?

ಊರುಗಳನ್ನು ಎಲ್ಲಿಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊರು ಇರುವುದು ನೀರಿನ ಹತ್ತಿರ, ಹೊಳೆ ದಾಟುವ ಜಾಗದಲ್ಲಿ, ಎರಡು ದಾರಿ ಕೂಡುವಲ್ಲಿ. ಹಳ್ಳಿಗೆ ಎರಡು ಮನೆ ಮತ್ತು ಒಂದು ಹುಡೇವು, ಅಂದರೆ ಕಾವಲು ಬುರುಜು. ಸ್ವಲ್ಪ ದೊಡ್ಡ ಊರಿಗೆ ಅಗಸಿ ಬಾಗಿಲು. ರಾಜಧಾನಿಗೆ ಬೀದರ್ ಕೋಟೆಯಿಂದ ಒಂದು ಉಪಾಯ ಕದಿಯಬಹುದು. ಅಲ್ಲಿ ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ ಇದೆ. ನಕ್ಷೆಯಲ್ಲಿ ಅದು ಸುಮ್ನೆ ಮೂರು ಸಮ ಗೆರೆ, ಆದರೆ ನೋಡಿದವರಿಗೆ ಈ ಕೋಟೆ ಬೇರೆ ಥರದ್ದು ಅಂತ ತಕ್ಷಣ ಅನಿಸುತ್ತದೆ. ಇನ್ನೊಂದು, ಬೀದರಿನ ಪಕ್ಕದ ನೌಬಾದ್ ಕಡೆಯ ಸುರಂಗ ಬಾವಿ. ಕಾರೇಜ್ ಅನ್ನುತ್ತಾರಲ್ಲ, ಅದು. ನೀರು ನೆಲದೊಳಗೆ ಹರಿಯುತ್ತದೆ, ಮೇಲೆ ಕಾಣುವುದು ಸಾಲಾಗಿ ಗಾಳಿ ಬಾವಿಗಳು ಮಾತ್ರ. ನಕ್ಷೆಯಲ್ಲಿ ಸಣ್ಣ ಸಣ್ಣ ಸೊನ್ನೆಗಳ ಒಂದು ಸಾಲು ಬಿಡಿಸಿ, ಏನೂ ಬರೆಯದೆ ಬಿಡಿ. ಕಥೆಯಲ್ಲಿ ಹುಡುಗ ಕೋಟೆಯೊಳಗೆ ನುಸುಳುವುದು ಅಲ್ಲಿಂದ ಅಂತ ನಿಮ್ಮ ತಮ್ಮ ತಾನೇ ಕಂಡುಹಿಡಿಯಲಿ.

ದೂರದ ಅಳತೆಯನ್ನೂ ಒಂದೇ ಒಂದು ಕಡೆ ಗಟ್ಟಿ ಮಾಡಿಕೊಳ್ಳಿ. ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಈ ದೇಶವನ್ನು ಅಳೆಯುತ್ತಾ ಬಂದಾಗ 1815ರಲ್ಲಿ ಬೀದರ್ ಹತ್ತಿರ ನೆಲದ ಮೇಲೆ ಒಂದು ನೇರ ಗೆರೆ ಅಳೆದ. ಅಂಥ ಒಂದು ಗೆರೆ ಸರಿಯಾಗಿದ್ದರೆ ಸುತ್ತಲಿನ ದೂರಗಳನ್ನು ತ್ರಿಕೋನದ ಲೆಕ್ಕದಿಂದಲೇ ತೆಗೆಯಬಹುದು. ನಿಮಗೆ ಅಷ್ಟು ಬೇಡ. ಹುಡುಗನ ಊರಿಂದ ರಾಜಧಾನಿಗೆ ಎಷ್ಟು ದಿನದ ನಡಿಗೆ ಅಂತ ಗೊತ್ತು ಮಾಡಿ. ಕಲಬುರಗಿಯಿಂದ ಬೀದರಿಗೆ ಸುಮಾರು 110 ಕಿ.ಮೀ. ದಿನಕ್ಕೆ 25-30 ಕಿ.ಮೀ. ನಡೆಯುವವನಿಗೆ ನಾಲ್ಕು ದಿನ. ಕುರಿ ಜೊತೆಗಿದ್ದರೆ ಇನ್ನೂ ಜಾಸ್ತಿ. ಅಳತೆ ಪಟ್ಟಿಯನ್ನು ಕಿಲೋಮೀಟರಿನಲ್ಲಿ ಬರೆಯದೆ ಹರದಾರಿಯಲ್ಲಿ ಬರೆಯಿರಿ. ಒಂದು ಹರದಾರಿ ಅಂದರೆ ಸುಮಾರು 3 ಮೈಲಿ.

ಕರಾವಳಿಯ ಗೆರೆ ಮಾತ್ರ ಯಾರಿಗೂ ಕೈಯಿಂದ ಸರಿಯಾಗಿ ಬರುವುದಿಲ್ಲ, ನನಗೂ. ಕೈ ತಾನಾಗಿ ಒಂದೇ ಅಳತೆಯ ಅಲೆಗಳನ್ನು ಎಳೆಯುತ್ತದೆ. ಇದಕ್ಕೆ ಮಂದಿ ಅಕ್ಕಿ ಚೆಲ್ಲಿ ಸುತ್ತ ಗೆರೆ ಎಳೆಯುತ್ತಾರೆ. ನಾನು ಮಕ್ಕಳಿಗೆ ತೊಗರಿ ಬೇಳೆ ಕೊಡುತ್ತಿದ್ದೆ. ಒಂದು ದಿನ ಒಬ್ಬ ಹುಡುಗ ಡಬ್ಬಿಯಿಂದ ಕಡಕ್ ರೊಟ್ಟಿ ತೆಗೆದು ಮುರಿದು, ಅದನ್ನೇ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿದ. ಮುರಿದ ಕಡೆ ಚೂಪು ಚೂಪು ಕೊಲ್ಲಿಗಳು, ಬಡಿದ ಅಂಚಿನ ಕಡೆ ಸಣ್ಣ ಸೀಳುಗಳು, ಉದುರಿದ ಚೂರುಗಳು ದ್ವೀಪಗಳು. ಎಣ್ಣೆ ಇಲ್ಲ, ಕಲೆ ಇಲ್ಲ. ಕೆಲಸ ಮುಗಿದ ಮೇಲೆ ಅವನು ತನ್ನ ಖಂಡವನ್ನು ಶೇಂಗಾ ಹಿಂಡಿ ಹಚ್ಚಿ ತಿಂದ. ಅವತ್ತಿನಿಂದ ನನ್ನ ಬೇಳೆ ಡಬ್ಬಿ ಮೂಲೆ ಸೇರಿತು. ನೀವೂ ಒಂದು ರೊಟ್ಟಿ ಮುರಿದು ನೋಡಿ. ಬೇರೆ ಕಾಗದದ ಮೇಲೆ ನಾಲ್ಕೈದು ಸಲ ಎಳೆದು, ಹಿಡಿಸಿದ್ದನ್ನು ಒಳ್ಳೆ ಹಾಳೆಗೆ ಇಳಿಸಿ.

ಕಾಗದದ ವಿಷಯ. ನಿಮ್ಮ ಶೀಟ್ ಯಾಕೆ ಉಬ್ಬಿತು? ಕಾಗದದ ನಾರು ನೀರು ಕುಡಿದರೆ ಹಿಗ್ಗುತ್ತದೆ. ಒದ್ದೆ ಆದ ಜಾಗ ಹಿಗ್ಗುತ್ತದೆ, ಪಕ್ಕದ ಒಣ ಜಾಗ ಬಿಡುವುದಿಲ್ಲ, ಆಗ ಅದು ಮೇಲೆ ಏಳುತ್ತದೆ. ಕಾಗದ ದಪ್ಪ ಇದ್ದಷ್ಟೂ ಈ ಎಳೆದಾಟ ಕಡಿಮೆ. ಅದಕ್ಕೇ 300 ಜಿಎಸ್‌ಎಂ. ಹತ್ತಿಯಿಂದ ಮಾಡಿದ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಬಹಳ ಹೊತ್ತು ಒದ್ದೆ ಇರುತ್ತದೆ, ಬಣ್ಣ ಸರಿಮಾಡಲು ಟೈಮ್ ಕೊಡುತ್ತದೆ. ರೇಟು ಜಾಸ್ತಿ ಅಂತ ಹೆದರಬೇಡಿ. 22x30 ಇಂಚಿನ ಒಂದು ಪೂರ್ತಿ ಶೀಟ್ ತಂದು ನಾಲ್ಕು ತುಂಡು ಮಾಡಿದರೆ ಒಂದೊಂದೂ 11x15 ಇಂಚು. ನಕ್ಷೆಗೆ ಒಂದು, ಪ್ರಯೋಗಕ್ಕೆ ಒಂದು, ಕೆಟ್ಟರೆ ಇನ್ನೊಂದು. ಅಂಗಡಿಯಲ್ಲಿ ಕೋಲ್ಡ್ ಪ್ರೆಸ್ಡ್, ಹಾಟ್ ಪ್ರೆಸ್ಡ್ ಅಂತ ಕೇಳುತ್ತಾರೆ. ಮೊದಲನೆಯದು ತರಿತರಿ, ಬಣ್ಣ ಚೆಂದ ಕೂರುತ್ತದೆ. ಎರಡನೆಯದು ನುಣುಪು, ಗೆರೆ ಚೆಂದ ಬರುತ್ತದೆ. ನಿಬ್ ಹಿಡಿಯುವವರು ನುಣುಪಿನದು ತಗೊಳ್ಳಲಿ. ನೀವು ಲೈನರ್ ಪೆನ್ (ಗೆರೆ ಎಳೆಯುವ ಸಣ್ಣ ತುದಿಯ ಪೆನ್) ಹಿಡಿಯುವುದಾದರೆ ತರಿ ಇದ್ದರೂ ನಡೆಯುತ್ತದೆ. ಪ್ಲೈವುಡ್ ಹಲಗೆಗೆ ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ ಕೂರಿಸಿ. ಪೂರ್ತಿ ಒಣಗುವವರೆಗೆ ಟೇಪ್ ಬಿಚ್ಚಬೇಡಿ.

ಈಗ ಮಸಿ. ಇಲ್ಲಿ ನನ್ನದೇ ಒಂದು ಪೆಟ್ಟಿನ ಕಥೆ ಇದೆ. ಶುರುವಿನ ದಿನಗಳಲ್ಲಿ ಒಂದು ಅಂಗಡಿಯಲ್ಲಿ ಕಪ್ಪು ಇಂಕಿನ ಶೀಶೆ ತಂದೆ. "ವಾಟರ್‌ಪ್ರೂಫ್ ಏನ್ರಿ?" ಅಂದೆ. "ಹೌದ್ರಿ ಸರ್, ಪಕ್ಕಾ" ಅಂದರು. ಒಂದು ವಾರ ಕೂತು ಒಂದು ದ್ವೀಪ ಬಿಡಿಸಿದೆ. ಗುಡ್ಡಕ್ಕೆ ಒಂದೊಂದೇ ಗೀರು, ಬರಿಗಣ್ಣಿಗೆ ನೋವಾಗುವಷ್ಟು. ಸಮುದ್ರಕ್ಕೆ ಮೊದಲ ಕುಂಚ ಇಟ್ಟೆ. ಕರಾವಳಿ ಕಣ್ಣೆದುರೇ ಬಿಚ್ಚಿಕೊಂಡು ನೀಲಿಗೆ ಇಳಿಯಿತು. ಹೊಗೆ ಎದ್ದ ಹಾಗೆ. ಐದು ನಿಮಿಷ ಕುಂಚ ಹಿಡಿದು ಸುಮ್ನೆ ಕೂತಿದ್ದೆ. ಶೀಶೆ ನೋಡಿದರೆ ಅದರ ಮೇಲೆ ವಾಟರ್‌ಪ್ರೂಫ್ ಅಂತ ಎಲ್ಲೂ ಬರೆದೇ ಇರಲಿಲ್ಲ. ಓದದೇ ಇದ್ದದ್ದು ನನ್ನ ತಪ್ಪು.

ಇದರ ಒಳಗುಟ್ಟು ಸರಳ. ಫೌಂಟನ್ ಪೆನ್ನಿನ ಮಸಿ ಹೆಚ್ಚಾಗಿ ನೀರಲ್ಲಿ ಕರಗಿದ ಬಣ್ಣ. ಮತ್ತೆ ನೀರು ಬಿದ್ದರೆ ಮತ್ತೆ ಕರಗುತ್ತದೆ. ಡ್ರಾಯಿಂಗ್ ಇಂಕಿನಲ್ಲಿ ಇರುವುದು ಮಸಿಯ ಪುಡಿ, ದೀಪದ ಕಾಡಿಗೆಯ ಜಾತಿಯದು. ಅದು ಕರಗುವುದಿಲ್ಲ. ಆದರೆ ಪುಡಿಯನ್ನು ಕಾಗದಕ್ಕೆ ಅಂಟಿಸುವುದು ಯಾವುದು ಅನ್ನುವುದೂ ಮುಖ್ಯ. ಗೋಂದು ಇದ್ದರೆ ನೀರಿಗೆ ಬಿಡುತ್ತದೆ. ವಾಟರ್ ಕಲರ್ ಮತ್ತೆ ಒದ್ದೆಯಾಗುವುದು ಅದರಲ್ಲಿ ಗೋಂದು ಇರುವುದರಿಂದಲೇ. ಅರಗು ಇದ್ದರೆ ಒಮ್ಮೆ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಅಂದರೆ ಅದು. ಆ ಇಂಕನ್ನು ಹೋಲ್ಡರ್‌ಗೆ ಸಿಕ್ಕಿಸಿದ ನಿಬ್ಬಿನಿಂದ ಮಾತ್ರ ಬರೆಯಬೇಕು. ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ನಿನ ಕಥೆ ಮುಗೀತು, ಒಳಗೇ ಗಟ್ಟಿಯಾಗುತ್ತದೆ.

ಮೊದಲ ಸಲಕ್ಕೆ ನಾನು ಲೈನರ್ ಪೆನ್ನನ್ನೇ ಹೇಳುತ್ತೇನೆ. ಮೈಕ್ರಾನ್ ಅಂತ ಸಿಗುತ್ತದೆ, ಪಿಗ್ಮೆಂಟ್ ಇಂಕಿನದು, ಅಂದರೆ ಕರಗದ ಪುಡಿ ಬಣ್ಣದ್ದು. 05 ಅಂದರೆ 0.45 ಮಿ.ಮೀ., 03 ಅಂದರೆ 0.35, 01 ಅಂದರೆ 0.25. ಕರಾವಳಿಗೆ 05, ಗುಡ್ಡ ಮತ್ತು ಹೊಳೆಗೆ 03, ಮರ ಮತ್ತು ಗೀರುಗಳಿಗೆ 01. ಮೂರು ದಪ್ಪ ಇದ್ದರೆ ನಕ್ಷೆಗೆ ಆಳ ಬರುತ್ತದೆ. ನಿಮ್ಮ ನಕ್ಷೆಯಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ, ಅದಕ್ಕೇ ಕಣ್ಣಿಗೆ ಎಲ್ಲಿ ನಿಲ್ಲಬೇಕು ಗೊತ್ತಾಗುವುದಿಲ್ಲ. ಯಾವ ಪೆನ್ ತಂದರೂ, ಯಾರು ಏನೇ ಹೇಳಿದರೂ, ಅದೇ ಕಾಗದದ ತುಂಡಿನ ಮೇಲೆ ಗೆರೆ ಎಳೆದು, ಒಂದು ರಾತ್ರಿ ಬಿಟ್ಟು, ಒದ್ದೆ ಕುಂಚ ಆಡಿಸಿ ನೋಡಿ.

ಮಸಿ ಹಚ್ಚುವ ಮುಂಚೆ ಎಲ್ಲವೂ ಪೆನ್ಸಿಲಿನಲ್ಲಿ ಇರಬೇಕು. ಬೀದರಿನಲ್ಲಿ ಬಿದ್ರಿ ಕೆಲಸ, ಅದೇ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕೆಲಸ, ನೋಡಿದ್ದೀರಾ? ಎರಕ ಹೊಯ್ದು ನಯ ಮಾಡಿದ ಮೇಲೆ ಅದಕ್ಕೆ ಮೈಲುತುತ್ತದ ನೀರು ಒರೆಸಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ, ಹೂವು ಗೀಚುತ್ತಾರೆ. ಆ ಕಪ್ಪು ಉಳಿಯುವುದಲ್ಲ, ಕೈಗೆ ದಾರಿ ತೋರಿಸುವುದಕ್ಕೆ ಅಷ್ಟೇ. ಉಳಿಯುವ ಕಪ್ಪು ಕೊನೆಗೆ ಕೋಟೆಯ ಮಣ್ಣಿನಿಂದ ಬರುತ್ತದೆ. ನಿಮ್ಮ ಪೆನ್ಸಿಲ್ ಆ ಮೊದಲ ಕಪ್ಪು. ಎಚ್‌ಬಿ ಪೆನ್ಸಿಲನ್ನು ಹಗುರಾಗಿ ಹಿಡಿಯಿರಿ. ಗಟ್ಟಿ ಒತ್ತಿದರೆ ಕಾಗದದಲ್ಲಿ ಗುಂಡಿ ಬಿದ್ದು ಬಣ್ಣ ಅಲ್ಲಿ ನಿಲ್ಲುತ್ತದೆ. ಮಸಿ ಒಣಗಿದ ಮೇಲೆ, ಬಣ್ಣಕ್ಕೆ ಮುಂಚೆ, ಪೆನ್ಸಿಲ್ ಅಳಿಸಿ. ಬಣ್ಣ ಬಿದ್ದ ಮೇಲೆ ಅಳಿಸುವುದು ಕಷ್ಟ. ಹಿಟ್ಟಿನ ಹಾಗೆ ನಾದುವ ಮೆತ್ತನೆ ರಬ್ಬರ್ ಸಿಗುತ್ತದೆ, ಅದು ಕಾಗದದ ಮೈ ಕೆಡಿಸುವುದಿಲ್ಲ.

ಬಣ್ಣಕ್ಕೆ ಮೂರೇ ಟ್ಯೂಬ್ ಸಾಕು: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ಅನ್ನುವ ಕಡು ನೀಲಿ. ಹನ್ನೆರಡು ಬಣ್ಣದ ಡಬ್ಬಿ ಇದ್ದರೆ ಕೈ ಹನ್ನೆರಡಕ್ಕೂ ಹೋಗುತ್ತದೆ, ನಕ್ಷೆ ಜಾತ್ರೆ ಅಂಗಡಿ ಆಗುತ್ತದೆ. ಓಕರ್ ನಮ್ಮ ಹಳದಿ ಮಣ್ಣಿನ ಬಣ್ಣ. ಬರ್ನ್ಟ್ ಸಿಯೆನ್ನಾ ಬೀದರಿನ ಕೆಂಪು. ಅದಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಎರೆಮಣ್ಣಿನ ಕಪ್ಪು, ಟ್ಯೂಬಿನ ಕಪ್ಪಿಗಿಂತ ಎಷ್ಟೋ ಜೀವಂತ. ಓಕರ್ ಮತ್ತು ಅಲ್ಟ್ರಾಮರೀನ್ ಸೇರಿದರೆ ಮಂಕು ಹಸಿರು ಬರುತ್ತದೆ, ಜಾಲಿ ಗಿಡದ್ದು. ಮೊದಲು ಇಡೀ ಹಾಳೆಗೆ ಓಕರನ್ನು ತೀರಾ ತೆಳ್ಳಗೆ, ಮಜ್ಜಿಗೆ ನೀರಿನಷ್ಟು ತೆಳ್ಳಗೆ ಹಚ್ಚಿ ಒಣಗಿಸಿ. ಹಳೇ ಕಾಗದದ ಬಣ್ಣ ನಿಮಗೆ ಇಲ್ಲೇ ಸಿಕ್ಕಿತು. ಚಹಾ ಬೇಡ ಅಂದದ್ದು ಇದಕ್ಕೇ. ಚಹಾ ಒಂದು ಕಡೆ ಗಾಢ ಒಂದು ಕಡೆ ತೆಳು ಕೂರುತ್ತದೆ, ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೋ ನಿಮ್ಮ ಕೈಯಲ್ಲಿಲ್ಲ. ಅಂಚು ಸುಡುವ ಯೋಚನೆ ಇದ್ದರೆ ಅದನ್ನೂ ಬಿಡಿ, ನಾಟಕದ ಓಲೆ ಥರ ಕಾಣುತ್ತದೆ.

ಸಮುದ್ರವನ್ನು ಪೂರ್ತಿ ನೀಲಿ ತುಂಬಬೇಡಿ. ದಂಡೆಯಿಂದ ಎರಡು ಬೆರಳಗಲ ಸಮುದ್ರದ ಕಡೆ ಬರೀ ನೀರು ಹಚ್ಚಿ. ಹೊಳೆಯಬೇಕು, ಆದರೆ ಮಡುಗಟ್ಟಬಾರದು. ಕುಂಚದ ತುದಿಯಲ್ಲಿ ನೀಲಿ ತಗೊಂಡು ದಂಡೆಯ ಗೆರೆಗೆ ಮಾತ್ರ ಮುಟ್ಟಿಸುತ್ತಾ ಹೋಗಿ. ಬಣ್ಣ ತಾನಾಗಿ ಒದ್ದೆಯೊಳಗೆ ಹರಡಿ, ದೂರ ಹೋದಂತೆ ಮಾಯವಾಗುತ್ತದೆ. ಹಲಗೆಯನ್ನು ಸ್ವಲ್ಪ ಓರೆ ಹಿಡಿದರೆ ಯಾವ ಕಡೆ ಹೋಗಬೇಕು ಅಂತ ನೀವೇ ಹೇಳಬಹುದು. ಕೊಡದ ನೀರಿನ ಪಾಠ ಇಲ್ಲೂ ಅದೇ. ಒಂದು ಸಲಕ್ಕೆ ಒಂದು ಗೇಣು ದಂಡೆ ಮಾತ್ರ ಮಾಡಿ, ಎಲ್ಲ ಒಟ್ಟಿಗೆ ಹಚ್ಚಲು ಹೋದರೆ ಹಿಂದಿನದು ಒಣಗಿರುತ್ತದೆ. ಈಗ ಮಳೆಗಾಲ, ನಿಮ್ಮ ಪುಣ್ಯ. ಮೇ ತಿಂಗಳಲ್ಲಿ ಕೇಳಿದ್ದರೆ ಬೆಳಿಗ್ಗೆ ಆರಕ್ಕೇ ಕೂರಿ ಅನ್ನುತ್ತಿದ್ದೆ. ನಮ್ಮ ಬಿಸಿಲಿಗೆ ಕುಂಚ ಎತ್ತುವ ಮೊದಲೇ ಅಂಚು ಒಣಗಿ ಗೆರೆ ಕಟ್ಟುತ್ತದೆ. ಫ್ಯಾನ್ ಮಾತ್ರ ಯಾವ ಕಾಲದಲ್ಲೂ ಆಫ್ ಇರಲಿ. ಒಣಗಿತೋ ಇಲ್ಲವೋ ನೋಡಲು ಬೆರಳಿನ ಹಿಂಬದಿ ಮುಟ್ಟಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ, ಪಕ್ಕದ ಬಣ್ಣಕ್ಕೆ ಕೈ ಹಾಕಬೇಡಿ. ಬೋರಿನ ಗಡಸು ನೀರು ಬಿಟ್ಟು ಫಿಲ್ಟರ್ ನೀರು ಬಳಸಿ.

ಹೆಸರಿನ ಪ್ರಶ್ನೆ ಬಹಳ ಒಳ್ಳೆಯದು, ಇದನ್ನು ಯಾರೂ ಕೇಳುವುದಿಲ್ಲ. ನೀವು ನೋಡಿ ಕಲಿತ ನಕ್ಷೆಗಳೆಲ್ಲ ಇಂಗ್ಲಿಷಿನವು. ಅಲ್ಲಿ ರಾಜ್ಯಕ್ಕೆ ದೊಡ್ಡಕ್ಷರ, ಊರಿಗೆ ಸಣ್ಣಕ್ಷರ. ನಮ್ಮಲ್ಲಿ ಆ ಭೇದ ಇಲ್ಲ. ನಮ್ಮಲ್ಲಿ ಇರುವುದು ಮೇಲೆ ಗುಣಿತ, ಕೆಳಗೆ ಒತ್ತು. ಇಂಗ್ಲಿಷಿಗೆ ಎರಡು ಗೆರೆ ಸಾಕಾದ ಕಡೆ ಕನ್ನಡಕ್ಕೆ ನಾಲ್ಕು ಬೇಕು: ಗುಣಿತದ ಮೇಲಂಚು, ತಲೆಕಟ್ಟು, ಅಕ್ಷರದ ಬುಡ, ಒತ್ತಿನ ಬುಡ. ಪೆನ್ಸಿಲಿನಲ್ಲಿ ನಾಲ್ಕೂ ಎಳೆದುಕೊಳ್ಳಿ. ಫೋಟೊದಲ್ಲಿ ನೀವು "ರತ್ನಪುರ" ಬರೆದ ಕಡೆ ನ ಒತ್ತು ಕೆಳಗಿನ ಕೋಟೆಯ ತಲೆಗೆ ತಾಗಿದೆ. ಅದಕ್ಕೇ ಇಕ್ಕಟ್ಟು ಅನಿಸುವುದು.

ಹೊಳೆಯ ಹೆಸರು ಇನ್ನೂ ಕಷ್ಟ, ಯಾಕೆಂದರೆ ಅದು ಹೊಳೆಯ ಜೊತೆ ಬಾಗಬೇಕು. "ಭೀಮಾ", "ಕಾಗಿಣಾ" ಬರೆದು ನೋಡಿ, ಗೆರೆಯ ಮೇಲೆ ಆರಾಮಾಗಿ ಕೂರುತ್ತವೆ, ಕೆಳಗೆ ಏನೂ ಜೋತುಬೀಳುವುದಿಲ್ಲ. "ಕೃಷ್ಣಾ" ಬರೆದರೆ ಎರಡು ಕಡೆ ನೀರಿಗೆ ಕಾಲು ಇಳಿಬಿಡುತ್ತದೆ. ನಿಮ್ಮ ರಾಜ್ಯದ ಹೊಳೆಗಳಿಗೆ ಹೆಸರಿಡುವವರು ನೀವೇ, ಒತ್ತಕ್ಷರ ಇಲ್ಲದ್ದನ್ನೇ ಇಡಿ! ಅಕ್ಷರ ಬಿಡಿಸಿ ಬಿಡಿಸಿ ದೂರ ಬರೆಯುವಾಗ ಒತ್ತನ್ನೂ ಗುಣಿತವನ್ನೂ ಅಕ್ಷರದಿಂದ ಅಗಲಿಸಬೇಡಿ. ದೊಡ್ಡದು ಚಿಕ್ಕದು ತೋರಿಸಲು ಅಳತೆ ಮತ್ತು ಬಣ್ಣ ಇದೆ. ರಾಜ್ಯದ ಹೆಸರು ದೊಡ್ಡದಾಗಿ, ಅಕ್ಷರಗಳ ನಡುವೆ ಜಾಗ ಬಿಟ್ಟು, ಕೆಂಪು ಕಂದಿನಲ್ಲಿ. ಊರು ಚಿಕ್ಕದಾಗಿ ಕಪ್ಪಿನಲ್ಲಿ. ನೀರಿನ ಹೆಸರೆಲ್ಲ ನೀಲಿ. ಮೇಲಿನ ಶೀರ್ಷಿಕೆಗೆ ಮಾತ್ರ 2 ಮಿ.ಮೀ. ಚಪ್ಪಟೆ ನಿಬ್ ಹಿಡಿದು ನೋಡಿ, ನಮ್ಮ ಅಕ್ಷರದ ದುಂಡಿಗೆ ದಪ್ಪ ತೆಳು ತಾನಾಗಿ ಬರುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು, ನನ್ನ ಅಭಿಪ್ರಾಯ ಅಷ್ಟೇ. ಸ್ವರ್ಣಗಿರಿ, ರತ್ನಪುರ ಎಲ್ಲ ಎಲ್ಲೋ ಕೇಳಿದ ಹಾಗಿವೆ. ನಿಮ್ಮ ಸುತ್ತ ಗುರುಮಿಠಕಲ್, ಕೊಡೇಕಲ್, ಕೆಂಭಾವಿ ಇವೆ. ಆ ಕಲ್, ಭಾವಿ, ಗಡ್ಡಿ, ದೊಡ್ಡಿ, ಮಡ್ಡಿ ತಗೊಂಡು ಹೆಸರು ಕಟ್ಟಿ. ಬೂದಿಕಲ್, ಆರುಭಾವಿ, ತೋಳಮಡ್ಡಿ. ತೋಳಮಡ್ಡಿ ಅಂದ ತಕ್ಷಣ ಅಲ್ಲಿ ಕುರಿ ಮೇಯಿಸಬಾರದು ಅಂತ ನಿಮ್ಮ ತಮ್ಮನಿಗೆ ಗೊತ್ತಾಗುತ್ತದೆ.

ದಿಕ್ಸೂಚಿ ಚಿಕ್ಕದಿರಲಿ. ಸಮುದ್ರದಲ್ಲಿ ಹಡಗು, ತಿಮಿಂಗಿಲ ನಿಮ್ಮಿಷ್ಟ, ಒಂದಕ್ಕಿಂತ ಜಾಸ್ತಿ ಬೇಡ.

ಎರಡು ವಾರ ಧಾರಾಳ ಆಯಿತು. ಮೊದಲ ಮೂರು ಸಂಜೆ ರೊಟ್ಟಿ, ಪೆನ್ಸಿಲ್, ಹೆಸರಿನ ಜಾಗ. ಆಮೇಲೆ ನಾಲ್ಕು ಸಂಜೆ ಮಸಿ, ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕೈ ಸೋತರೆ ಗೀರು ಗೀಚು ಆಗುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಬಣ್ಣಕ್ಕೆ ಒಂದು ದಿನ, ಅದು ಒಣಗಿದ ಮೇಲೆ ಹೆಸರಿಗೆ ಇನ್ನೊಂದು ದಿನ. ಮಳೆ ಹಿಡಿದರೆ ಒಣಗಲು ಇನ್ನೊಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಕೆಟ್ಟ ಹಳೇ ನಕ್ಷೆಯನ್ನು ಹರಿದು ಎಸೆಯಬೇಡಿ. ಆ ಕಪ್ಪು ಹರಡಿದ ಹೊಳೆಯ ಸುತ್ತಲಿನ ತುಂಡನ್ನು ಕತ್ತರಿಸಿ, ಮಡಚಿ, ಶತ್ರು ರಾಜನ ಗೂಢಚಾರನ ಜೇಬಿನಲ್ಲಿ ಸಿಕ್ಕಿದ್ದು ಅಂತ ಹುಟ್ಟುಹಬ್ಬಕ್ಕೆ ಮುಂಚಿನ ದಿನ ತಮ್ಮನ ದಿಂಬಿನ ಕೆಳಗೆ ಇಟ್ಟುಬಿಡಿ.